ಸುಂಕ ಎಷ್ಟು ಎನ್ನುವ ಮೊದಲು ಸರಕು ಎಲ್ಲಿಯದು ಎಂದು ಕೇಳಬೇಕು

ಮಾನ್ಯ ಸಂಪಾದಕರಿಗೆ,

ವ್ಯಾಪಾರ ಒಪ್ಪಂದದ ಸುದ್ದಿ ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ಎದ್ದು ಕಾಣುವುದು ಸುಂಕದ ಅಂಕಿ. ಶೇ ಇಷ್ಟಿದ್ದದ್ದು ಇಷ್ಟಕ್ಕಿಳಿಯಿತು, ಇಷ್ಟು ಸರಕುಗಳಿಗೆ ಸುಂಕವೇ ಇಲ್ಲ ಎಂಬಷ್ಟಕ್ಕೆ ವರದಿ ಮುಗಿಯುತ್ತದೆ. ಬೆಳೆಗಾರರ ಮನವಿಪತ್ರಗಳಲ್ಲೂ ಬೇಡಿಕೆ ಒಂದೇ: ಸುಂಕ ಏರಿಸಿ. ಆದರೆ ರಿಯಾಯಿತಿ ಸುಂಕ ಸಿಗುವುದು ಒಪ್ಪಂದದ ದೇಶದಿಂದ ಹಡಗು ಹತ್ತಿದ ಸರಕಿಗಲ್ಲ, ಆ ದೇಶದ್ದೇ ಆದ ಸರಕಿಗೆ. ಯಾವುದು ಆ ದೇಶದ್ದು, ಯಾವುದು ಅಲ್ಲ ಎಂದು ತೀರ್ಮಾನಿಸುವ ಮೂಲ ನಿಯಮಗಳು ಒಪ್ಪಂದದ ಹಿಂಬದಿಯಲ್ಲಿ, ಯಾರೂ ತೆರೆಯದ ಅನುಬಂಧದಲ್ಲಿ ಇರುತ್ತವೆ. ಕಾಳುಮೆಣಸು, ಕಾಫಿ, ಗೇರು, ಅಡಿಕೆ, ಪೀಣ್ಯದ ಯಂತ್ರಗಳು, ಇವುಗಳ ಮಟ್ಟಿಗೆ ಒಪ್ಪಂದದ ಲಾಭನಷ್ಟ ತೀರ್ಮಾನವಾಗುವುದು ಆ ಪುಟಗಳಲ್ಲಿ.

ಕಾಳುಮೆಣಸನ್ನೇ ನೋಡಿ. ನಮ್ಮ ಸಾಮಾನ್ಯ ಆಮದು ಸುಂಕ ಶೇ 70. ಆಗ್ನೇಯ ಏಷ್ಯಾ ದೇಶಗಳ ಕೂಟವಾದ ಆಸಿಯಾನ್ ಜತೆಗಿನ ಒಪ್ಪಂದದಡಿ ಅದು ಹಂತಹಂತವಾಗಿ ಇಳಿದು 2019ರ ಕೊನೆಗೆ ಶೇ 50ಕ್ಕೆ ಬಂತು. 2000ದ ಮಾರ್ಚ್‌ನಲ್ಲಿ ಜಾರಿಯಾದ ಭಾರತ–ಶ್ರೀಲಂಕಾ ಒಪ್ಪಂದದಡಿ ಶ್ರೀಲಂಕಾದ ಮೆಣಸಿಗೆ ವರ್ಷಕ್ಕೆ 2,500 ಟನ್‌ವರೆಗೆ ಸುಂಕವೇ ಇಲ್ಲ. ಅದರಾಚೆಗೆ ದಕ್ಷಿಣ ಏಷ್ಯಾ ದೇಶಗಳ ಮುಕ್ತ ವ್ಯಾಪಾರ ಒಪ್ಪಂದವಾದ ಸಾಫ್ಟಾ ಅಡಿ ಶೇ 8. ಜಗತ್ತಿನಲ್ಲೇ ಅತಿ ಹೆಚ್ಚು ಮೆಣಸು ಬೆಳೆದು ಮಾರುವ ದೇಶ ವಿಯೆಟ್ನಾಂ, ಅದು ಆಸಿಯಾನ್ ಸದಸ್ಯ. ಕಿಲೋಗೆ ₹500ರಂತೆ ಬಂದಿಳಿದ ವಿಯೆಟ್ನಾಂ ಮೆಣಸಿಗೆ ಶೇ 50ರ ಲೆಕ್ಕದಲ್ಲಿ ₹250 ಸುಂಕ. ಅದೇ ಮೂಟೆಗೆ ಕೊಲಂಬೊದ ಮೂಲ ಪ್ರಮಾಣಪತ್ರ ಅಂಟಿದರೆ ಶೇ 8ರಂತೆ ₹40. ಕಿಲೋಗೆ ₹210 ವ್ಯತ್ಯಾಸ, ಹತ್ತು ಟನ್‌ಗೆ ₹21 ಲಕ್ಷ. ಇಷ್ಟು ಹಣ ಒಂದು ಕಾಗದದ ಮೇಲೆ ನಿಂತಿದ್ದರೆ ಆ ಕಾಗದಕ್ಕೆ ಬೇಡಿಕೆ ಹುಟ್ಟದೇ ಇರುತ್ತದೆಯೇ?

ಕೊಡಗು, ಚಿಕ್ಕಮಗಳೂರು, ಹಾಸನದ ಬೆಳೆಗಾರರ ಕೂಗಿಗೆ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಕಿಲೋಗೆ ₹500 ಕನಿಷ್ಠ ಆಮದು ಬೆಲೆ ಗೊತ್ತುಮಾಡಿತು. 2018ರ ಮಾರ್ಚ್‌ನಲ್ಲಿ ಅದಕ್ಕಿಂತ ಕಡಿಮೆ ಬೆಲೆಯ ಆಮದನ್ನೇ ನಿಷೇಧಿಸಿತು. ತುರ್ತಿಗೆ ಅದು ಬೇಕಿತ್ತು, ಸರಿ. ಆದರೆ ಕನಿಷ್ಠ ಬೆಲೆ ನೋಡುವುದು ಇನ್‌ವಾಯ್ಸ್‌ನ ಅಂಕಿಯನ್ನು, ಮೆಣಸು ಯಾವ ಬಳ್ಳಿಯದು ಎಂಬುದನ್ನಲ್ಲ. ಇನ್‌ವಾಯ್ಸ್‌ನಲ್ಲಿ ಬೆಲೆ ಏರಿಸಿ ಬರೆದು, ಹೆಚ್ಚುವರಿ ಹಣವನ್ನು ಬೇರೆ ದಾರಿಯಲ್ಲಿ ವಾಪಸ್ ಪಡೆದರೆ ಆ ಗೋಡೆ ದಾಟಿದಂತೆಯೇ.

ಹಾಗಾದರೆ ಒಪ್ಪಂದದ ನಿಯಮವೇ ಸಡಿಲವೇ? ಅಲ್ಲ, ಸಾಕಷ್ಟು ಬಿಗಿಯಾಗಿದೆ. ಬೆಳೆಯ ವಿಷಯದಲ್ಲಿ ಮೊದಲ ಮಾನದಂಡ ‘ಸಂಪೂರ್ಣವಾಗಿ ಅಲ್ಲೇ ದೊರೆತದ್ದು’, ಅಂದರೆ ಆ ನೆಲದಲ್ಲೇ ಕೊಯ್ದದ್ದು. ಹಾಗಲ್ಲದಿದ್ದರೆ ಶ್ರೀಲಂಕಾ ಒಪ್ಪಂದದಲ್ಲಿ ಎರಡು ಪರೀಕ್ಷೆ: ಎಫ್‌ಒಬಿ ಬೆಲೆಯ (ಹಡಗಿಗೆ ಏರಿಸುವವರೆಗಿನ ಬೆಲೆ) ಕನಿಷ್ಠ ಶೇ 35 ಮೌಲ್ಯ ಅಲ್ಲೇ ಸೇರಿರಬೇಕು, ಜತೆಗೆ ಸರಕನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯಾದ ಎಚ್‌ಎಸ್ ಕೋಡ್ ನಾಲ್ಕು ಅಂಕಿಯ ಮಟ್ಟದಲ್ಲಿ ಬದಲಾಗಿರಬೇಕು. ಹೊರಗಿನಿಂದ ತಂದ ಮೆಣಸನ್ನು ಅಲ್ಲಿ ಜರಡಿ ಹಿಡಿದು, ಗಾತ್ರ ವಿಂಗಡಿಸಿ, ಹೊಸ ಚೀಲಕ್ಕೆ ತುಂಬಿದರೆ ಕೋಡ್ ಬದಲಾಗುವುದಿಲ್ಲ. ಪುಡಿ ಮಾಡಿದರೂ ಆಗುವುದಿಲ್ಲ: ಇಡೀ ಕಾಳು 0904.11, ಪುಡಿ 0904.12, ಎರಡೂ 0904ರ ಕೆಳಗೇ ಇವೆ. ಅಂದರೆ ಶ್ರೀಲಂಕಾ ಒಪ್ಪಂದದಡಿ ವಿಯೆಟ್ನಾಂ ಮೆಣಸು ಕಾನೂನುಬದ್ಧವಾಗಿ ಶ್ರೀಲಂಕಾದ ಮೆಣಸಾಗಲು ದಾರಿಯೇ ಇಲ್ಲ. ಬರುತ್ತಿದ್ದರೆ ಅದು ಸುಳ್ಳು ಕಾಗದದ ಮೇಲೆ ಬರುತ್ತಿದೆ ಎಂದರ್ಥ. ಸುಳ್ಳು ಕಾಗದಕ್ಕೆ ಮದ್ದು ಸುಂಕ ಏರಿಕೆಯಲ್ಲ, ತಪಾಸಣೆ.

ತಪಾಸಣೆಯಲ್ಲಿ ನೋಡಬೇಕಾದದ್ದೇನು? ರಫ್ತುದಾರ ಯಾವ ಪ್ರದೇಶದ ತೋಟಗಳಿಂದ, ಯಾವ ತಿಂಗಳು, ಎಷ್ಟು ಕೊಂಡ ಎಂಬ ಖರೀದಿ ಚೀಟಿಗಳು. ಆ ವರ್ಷ ಅದೇ ಸಂಸ್ಥೆ ಹೊರದೇಶದಿಂದ ಮೆಣಸು ಆಮದು ಮಾಡಿಕೊಂಡಿತ್ತೇ, ಮಾಡಿಕೊಂಡಿದ್ದರೆ ಅದು ಎಲ್ಲಿಗೆ ಹೋಯಿತು ಎಂಬ ಗೋದಾಮಿನ ಲೆಕ್ಕ. ಕೊಯ್ಲಿನ ಕಾಲಕ್ಕೂ ಸಾಗಣೆಯ ಕಾಲಕ್ಕೂ ಹೊಂದಾಣಿಕೆ ಇದೆಯೇ ಎಂಬುದು. ಪದಾರ್ಥವೂ ಒಂದಿಷ್ಟು ಸುಳಿವು ಕೊಡುತ್ತದೆ. ವಿಯೆಟ್ನಾಂ ಮೆಣಸು ಲೀಟರ್ ತೂಕದ ಮೇಲೆ 500 ಗ್ರಾಂ, 550 ಗ್ರಾಂ ಎಂದು ದರ್ಜೆಯಾಗಿ ಮಾರಾಟವಾಗುತ್ತದೆ. ಶ್ರೀಲಂಕಾ ಮೆಣಸು ಎಣ್ಣೆ ಮತ್ತು ಖಾರ ಕೊಡುವ ಪೈಪರಿನ್ ಅಂಶ ಹೆಚ್ಚಿರುವುದಕ್ಕೆ ಹೆಸರಾದದ್ದು. ಲ್ಯಾಬ್ ವರದಿ ಅನುಮಾನಕ್ಕೆ ಆಧಾರವಾದೀತು, ತೀರ್ಪಿಗೆ ಸಾಲದು. ತೀರ್ಪಿಗೆ ಬೇಕಾದದ್ದು ಖರೀದಿ ಚೀಟಿ.

ಕೋಡ್‌ನ ವಿಷಯ ಬಂದದ್ದರಿಂದ ಅದನ್ನು ಬಿಡಿಸಿ ಹೇಳಬೇಕು, ಏಕೆಂದರೆ ಎಲ್ಲ ಲೆಕ್ಕವೂ ಅಲ್ಲಿಂದ ಶುರುವಾಗುತ್ತದೆ. ವಿಶ್ವ ಕಸ್ಟಮ್ಸ್ ಸಂಘಟನೆಯ ಎಚ್‌ಎಸ್ ಪದ್ಧತಿ 1988ರಿಂದ ಜಾರಿಯಲ್ಲಿದೆ. ಮೊದಲ ಎರಡು ಅಂಕಿ ಅಧ್ಯಾಯ, ನಾಲ್ಕು ಅಂಕಿ ಶೀರ್ಷಿಕೆ, ಆರು ಅಂಕಿ ಉಪಶೀರ್ಷಿಕೆ. ಆರು ಅಂಕಿವರೆಗೆ ಎಲ್ಲ ದೇಶಗಳಿಗೂ ಒಂದೇ. ಭಾರತ ಇನ್ನೆರಡು ಸೇರಿಸಿ ಎಂಟು ಮಾಡಿಕೊಂಡಿದೆ. ಹೊರಗಿನ ಕಚ್ಚಾವಸ್ತುವಿನ ಕೋಡ್‌ಗೂ ಸಿದ್ಧ ಸರಕಿನ ಕೋಡ್‌ಗೂ ಎಷ್ಟು ಅಂಕಿಯ ಮಟ್ಟದಲ್ಲಿ ವ್ಯತ್ಯಾಸ ಇರಬೇಕು ಎಂದು ಪ್ರತಿ ಒಪ್ಪಂದವೂ ತನ್ನದೇ ರೀತಿಯಲ್ಲಿ ಹೇಳುತ್ತದೆ. ಅಧ್ಯಾಯವೇ ಬದಲಾಗಬೇಕೆಂದರೆ ನಿಯಮ ಕಠಿಣ, ಆರು ಅಂಕಿ ಬದಲಾದರೆ ಸಾಕೆಂದರೆ ಸಡಿಲ.

ಕಾಫಿಯಲ್ಲಿ ಇದು ಚೆನ್ನಾಗಿ ಕಾಣುತ್ತದೆ. ಹುರಿಯದ ಬೀಜ 0901.11, ಹುರಿದದ್ದು 0901.21, ಇನ್‌ಸ್ಟಂಟ್ ಕಾಫಿ 2101.11. ಆಫ್ರಿಕಾದ ಬೀಜವನ್ನು ಒಪ್ಪಂದದ ದೇಶವೊಂದು ತಂದು ಹುರಿದರೆ ಆರು ಅಂಕಿಯ ಪರೀಕ್ಷೆ ಪಾಸು, ನಾಲ್ಕು ಅಂಕಿಯದ್ದು ಫೇಲು. ಅದನ್ನೇ ಇನ್‌ಸ್ಟಂಟ್ ಮಾಡಿದರೆ 9ನೇ ಅಧ್ಯಾಯದಿಂದ 21ಕ್ಕೆ ಜಿಗಿಯುವುದರಿಂದ ಎಲ್ಲ ಪರೀಕ್ಷೆಯೂ ಪಾಸು. ಆಸಿಯಾನ್ ಒಪ್ಪಂದದ ಸಾಮಾನ್ಯ ನಿಯಮ ಕೇಳುವುದು ಆರು ಅಂಕಿಯ ಬದಲಾವಣೆ ಮತ್ತು ಶೇ 35 ಮೌಲ್ಯ, ಎರಡನ್ನೂ. ಹುರಿದು, ಪುಡಿ ಮಾಡಿ, ಬ್ರ್ಯಾಂಡ್ ಪೊಟ್ಟಣಕ್ಕೆ ತುಂಬಿದ ಕಾಫಿಯಲ್ಲಿ ಶೇ 35 ಸೇರಿಸುವುದು ಕಷ್ಟವಲ್ಲ. ಹೀಗಾಗಿ ಆಸಿಯಾನ್ ನೆಲದಲ್ಲಿ ಒಂದೂ ಕಾಫಿ ಗಿಡ ಮುಟ್ಟದ ಕಾಫಿ ಪುಡಿ ಆಸಿಯಾನ್ ಕಾಫಿಯಾಗಿ ಇಲ್ಲಿಗೆ ಬರಬಹುದು. ಅದು ಮೋಸವಲ್ಲ, ನಾವೇ ಸಹಿ ಹಾಕಿದ ನಿಯಮ.

ಇಲ್ಲಿ ನಮ್ಮವರ ಹಿತಾಸಕ್ತಿಯೇ ಎರಡಾಗಿ ಒಡೆಯುತ್ತದೆ ಎಂಬುದನ್ನೂ ಹೇಳಬೇಕು. ಇನ್‌ಸ್ಟಂಟ್ ಕಾಫಿ ಕಾರ್ಖಾನೆಗಳು ಮರುರಫ್ತಿಗಾಗಿ ಹೊರಗಿನ ರೊಬಸ್ಟಾ ತರಿಸುತ್ತವೆ. ಇನ್‌ಸ್ಟಂಟ್ ಕಾಫಿಗೆ ಬಳಸಿದ ಬೀಜವೂ ಸ್ವಂತ ದೇಶದ್ದೇ ಆಗಿರಬೇಕು ಎಂಬ ನಿಯಮ ಬಂದರೆ ಬೆಳೆಗಾರರಿಗೆ ಒಳ್ಳೆಯದು, ಕಾರ್ಖಾನೆಗಳಿಗೆ ಆ ಮಾರುಕಟ್ಟೆಯ ರಿಯಾಯಿತಿ ತಪ್ಪುತ್ತದೆ. ಅಧ್ಯಾಯ ಬದಲಾದರೆ ಸಾಕು ಎಂಬ ನಿಯಮದಲ್ಲಿ ಕಾರ್ಖಾನೆ ಉಳಿಯುತ್ತದೆ, ಹೊರಗಿನ ಬೀಜವನ್ನು ಬರೀ ಹುರಿದು ಕಳಿಸುವ ದಾರಿಯೂ ಮುಚ್ಚುತ್ತದೆ. ಎರಡನೆಯದೇ ಕರ್ನಾಟಕಕ್ಕೆ ಹೊಂದುವಂಥದ್ದು ಎಂಬುದು ನನ್ನ ಅಭಿಪ್ರಾಯ. ಬೇರೆ ಅಭಿಪ್ರಾಯವಿದ್ದವರು ಚರ್ಚಿಸಲಿ, ಆದರೆ ಚರ್ಚೆ ಈ ಮಟ್ಟದಲ್ಲಿ ನಡೆಯಲಿ.

ಮಂಗಳೂರಿನ ಗೇರು ಉದ್ಯಮದ ಕಥೆ ಇನ್ನೂ ಸೂಕ್ಷ್ಮ. ಅಲ್ಲಿನ ಕಾರ್ಖಾನೆಗಳು ಒಡೆಯುವ ಬೀಜದಲ್ಲಿ ದೊಡ್ಡ ಪಾಲು ಐವರಿ ಕೋಸ್ಟ್, ಬೆನಿನ್, ತಾಂಜಾನಿಯಾ ಮುಂತಾದ ಕಡೆಯಿಂದ ಬರುತ್ತದೆ. ಚಿಪ್ಪಿನ ಸಮೇತ ಬೀಜ 0801.31, ತಿರುಳು 0801.32. ಆರು ಅಂಕಿಯ ಪರೀಕ್ಷೆ ಪಾಸು. ಮೌಲ್ಯದ ಪರೀಕ್ಷೆಗೆ ಒಂದು ಮಾದರಿ ಲೆಕ್ಕ ಹಾಕೋಣ. ಬೆಲೆಗಳು ಊಹೆಯವು, ಲೆಕ್ಕದ ರೀತಿ ನಿಜದ್ದು. 80 ಕಿಲೋ ಮೂಟೆಗೆ 48 ಪೌಂಡ್ ಇಳುವರಿ, ಅಂದರೆ ಸುಮಾರು 21.8 ಕಿಲೋ ತಿರುಳು. ಬೀಜದ ಬಂದಿಳಿದ ಬೆಲೆ ಕಿಲೋಗೆ ₹120 ಆದರೆ ಮೂಟೆಗೆ ₹9,600. ತಿರುಳು ಕಿಲೋಗೆ ₹620ರಂತೆ ಎಫ್‌ಒಬಿ ಮೊತ್ತ ₹13,516. ಹೊರಗಿನ ವಸ್ತುವಿನ ಪಾಲು ಶೇ 71, ನಮ್ಮದು ಶೇ 29. ಶೇ 35 ಮುಟ್ಟಲಿಲ್ಲ, ರಿಯಾಯಿತಿ ಇಲ್ಲ. ಅದೇ ಬೀಜ ₹100ಕ್ಕೆ ಸಿಕ್ಕಿದ್ದರೆ ಮೂಟೆಗೆ ₹8,000, ಹೊರಗಿನ ಪಾಲು ಶೇ 59, ನಮ್ಮದು ಶೇ 41, ಪಾಸು. ಅದೇ ಕಾರ್ಖಾನೆ, ಅದೇ ಹೆಂಗಸರ ಕೈ, ಅದೇ ಕೆಲಸ. ಬೀಜದ ದರ ₹20 ಇಳಿದದ್ದಕ್ಕೆ ಸರಕಿನ ದೇಶವೇ ಬದಲಾಯಿತು. ರೂಪಾಯಿ ಕುಸಿದರೂ ಇದೇ ಬಗೆಯ ಆಟ. ಮೌಲ್ಯದ ಮಾನದಂಡದ ದೊಡ್ಡ ದೌರ್ಬಲ್ಯ ಇದು. ಹೋದ ವರ್ಷದ ಲೆಕ್ಕಪತ್ರವನ್ನೇ ಈ ವರ್ಷವೂ ಲಗತ್ತಿಸುವ ರಫ್ತುದಾರರು ಸಿಕ್ಕಿಬೀಳುವುದೂ ಇಲ್ಲೇ.

ಐರೋಪ್ಯ ಒಕ್ಕೂಟದ ಮಾದರಿಯ ನಿಯಮಗಳಲ್ಲಿ ಗೇರಿಗೆ ಇನ್ನೊಂದು ತೊಡಕಿದೆ. ಎಷ್ಟೇ ಖರ್ಚಾದರೂ ಮೂಲ ಕೊಡದ ‘ಕನಿಷ್ಠ ಕೆಲಸ’ಗಳ ಒಂದು ಪಟ್ಟಿ ಅಲ್ಲಿರುತ್ತದೆ: ತೊಳೆಯುವುದು, ವಿಂಗಡಿಸುವುದು, ಪ್ಯಾಕ್ ಮಾಡುವುದು, ಲೇಬಲ್ ಅಂಟಿಸುವುದು, ಸರಳ ಜೋಡಣೆ. ಹಣ್ಣು, ತರಕಾರಿ, ಕಾಯಿಬೀಜಗಳ ಸಿಪ್ಪೆ ಸುಲಿಯುವುದು ಮತ್ತು ಚಿಪ್ಪು ತೆಗೆಯುವುದೂ ಆ ಪಟ್ಟಿಯಲ್ಲಿದೆ. ಗೇರುಬೀಜ ಒಡೆಯುವುದು ಎಷ್ಟು ಕುಶಲ ಕೆಲಸ, ಚಿಪ್ಪಿನ ಎಣ್ಣೆ ಕೈ ಹೇಗೆ ಸುಡುತ್ತದೆ ಎಂಬುದು ಬ್ರಸೆಲ್ಸ್‌ನ ಕರಡುದಾರರಿಗೆ ಗೊತ್ತಿರಲಿಕ್ಕಿಲ್ಲ. ಮಾತುಕತೆಗೆ ಹೋಗುವ ನಮ್ಮ ಅಧಿಕಾರಿಗಳಿಗಾದರೂ ಗೊತ್ತಿರಬೇಕು.

ಅಡಿಕೆಯಲ್ಲಿ ಮೂಲದ ಜಗಳಕ್ಕಿಂತ ಮೊದಲು ಕೋಡ್‌ನ ಜಗಳ. ಸಾಮಾನ್ಯ ಸುಂಕ ಶೇ 100, ಕನಿಷ್ಠ ಆಮದು ಬೆಲೆ 2023ರ ಫೆಬ್ರುವರಿಯಿಂದ ಕಿಲೋಗೆ ₹351. ಇವು ಅನ್ವಯಿಸುವುದು 0802.80ರ ಅಡಿಕೆಗೆ. ಬೇಯಿಸಿ, ಕತ್ತರಿಸಿ, ಒಣಗಿಸಿದ ಅಡಿಕೆಯನ್ನು ‘ಸುಪಾರಿ’ ಎಂದು 2106.90.30ರಡಿ ಘೋಷಿಸಿದರೆ ಒಂದೇ ಕಲ್ಲಿಗೆ ಎರಡು ಹಕ್ಕಿ: 0802ರ ಕನಿಷ್ಠ ಬೆಲೆ ತಪ್ಪಿತು, 8ನೇ ಅಧ್ಯಾಯದಿಂದ 21ಕ್ಕೆ ಹೋದ್ದರಿಂದ ಕೋಡ್ ಬದಲಾವಣೆಯ ಮೂಲ ಪರೀಕ್ಷೆಯೂ ಪಾಸಾಯಿತು. ಆದರೆ ನಮ್ಮ ಸುಂಕ ಪಟ್ಟಿಯ ಟಿಪ್ಪಣಿ ಪ್ರಕಾರ ಸುಪಾರಿ ಎಂದರೆ ಅಡಿಕೆಯಿಂದ ಮಾಡಿದ ತಯಾರಿಕೆ. ಸುಣ್ಣ, ಕಾಚು, ತಂಬಾಕು ಇರಬಾರದು. ಏಲಕ್ಕಿ, ಕೊಬ್ಬರಿ, ಮೆಂಥಾಲ್ ಇರಬಹುದು. ಬರೀ ಬೇಯಿಸಿ ಒಣಗಿಸಿದ್ದು ಸಂಸ್ಕರಿಸಿದ ಅಡಿಕೆಯೇ ಹೊರತು ತಯಾರಿಕೆಯಲ್ಲ ಎಂಬುದು ನನ್ನ ವಾದ. ನಮ್ಮ ಕೆಂಪಡಿಕೆಯೂ ಬೇಯಿಸಿ ಒಣಗಿಸಿದ್ದೇ ಅಲ್ಲವೇ? ಅದನ್ನು ಯಾರೂ ಅಡಿಕೆ ಅಲ್ಲ ಎನ್ನುವುದಿಲ್ಲ. ಇದಕ್ಕೆ ಹೋಲಿಸಿದರೆ ಭೂತಾನಿನಿಂದ ಕನಿಷ್ಠ ಬೆಲೆಯ ಷರತ್ತಿಲ್ಲದೆ ವರ್ಷಕ್ಕೆ 17,000 ಟನ್ ಹಸಿ ಅಡಿಕೆಗೆ 2022ರಲ್ಲಿ ಅನುಮತಿ ಕೊಟ್ಟಾಗ ಎದ್ದ ಗದ್ದಲ ಅತಿಯಾಯಿತು. ಪ್ರಮಾಣದ ಬಗ್ಗೆ ತಕರಾರು ಇರಲಿ. ಮೂಲದ ದೃಷ್ಟಿಯಿಂದ ಹಸಿ ಅಡಿಕೆಯೇ ಸುರಕ್ಷಿತ ರೂಪ. ಇಂಡೊನೇಷ್ಯಾದಿಂದ ವಾರಗಟ್ಟಲೆ ಸಮುದ್ರ ದಾಟಿದ ಕಾಯಿ ಹಿಮಾಲಯದ ಬುಡದಲ್ಲಿ ಹಸಿಯಾಗಿ ಉಳಿಯುವುದಿಲ್ಲ. ಭಯ ಪಡಬೇಕಾದದ್ದು ಒಣ ಅಡಿಕೆಗೆ.

ಇಷ್ಟು ಹೊತ್ತು ಆಮದಿನ ಮಾತಾಯಿತು. ನಮ್ಮ ರಫ್ತುದಾರರು ಸಿಗಬೇಕಾದ ರಿಯಾಯಿತಿ ಕಳೆದುಕೊಳ್ಳುವುದೂ ಇದೇ ನಿಯಮಗಳಿಂದ, ಮತ್ತು ಬಹುಪಾಲು ದಾಖಲೆಯ ಆಲಸ್ಯದಿಂದ. ಪೀಣ್ಯದಲ್ಲಿ ತಯಾರಾಗುವ ಒಂದು ಸಿಎನ್‌ಸಿ ಲೇತ್ (ಕಂಪ್ಯೂಟರ್ ನಿಯಂತ್ರಿತ ಲೋಹ ಕಡೆಯುವ ಯಂತ್ರ) ತೆಗೆದುಕೊಳ್ಳಿ; ಇದೂ ಮಾದರಿ ಲೆಕ್ಕವೇ. ಎಫ್‌ಒಬಿ ₹20 ಲಕ್ಷ. ಆಮದಾದ ಕಂಟ್ರೋಲರ್, ಬಾಲ್‌ಸ್ಕ್ರೂ, ಲೀನಿಯರ್ ಗೈಡ್, ಸ್ಪಿಂಡಲ್ ಬೇರಿಂಗ್ ಎಲ್ಲ ಸೇರಿ ₹8.2 ಲಕ್ಷ. ಕೋಡ್ ವಿಷಯದಲ್ಲಿ ಚಿಂತೆಯಿಲ್ಲ: ಲೇತ್ 8458, ಅದರ ಬಿಡಿಭಾಗಗಳು 8466, ಕಂಟ್ರೋಲರ್ 8537. ಮೌಲ್ಯದಲ್ಲಿ ಹೊರಗಿನ ಪಾಲು ಶೇ 41, ನಮ್ಮದು ಶೇ 35 ಇರಬೇಕಾದ್ದರಿಂದ ಮಿತಿ ಶೇ 65. ನಿರಾಳ ಎನಿಸುತ್ತದೆ. ಆದರೆ ನಿಯಮದ ಪ್ರಕಾರ ‘ಮೂಲ ಗೊತ್ತಿಲ್ಲದ’ ವಸ್ತುವೂ ಹೊರಗಿನದ್ದೇ. ಎರಕದ ಬೆಡ್, ಶೀಟ್ ಮೆಟಲ್, ಕೂಲೆಂಟ್ ಪಂಪು, ಎಸ್‌ಪಿ ರಸ್ತೆಯಲ್ಲಿ ಕೊಂಡ ಕೇಬಲ್ ಮತ್ತು ರಿಲೇಗಳು, ಇವೆಲ್ಲ ₹5 ಲಕ್ಷ ಎಂದುಕೊಳ್ಳಿ. ಕೈಯಲ್ಲಿರುವುದು ಜಿಎಸ್‌ಟಿ ಬಿಲ್ ಮಾತ್ರ. ಬಿಲ್ ಹೇಳುವುದು ಯಾರಿಂದ ಕೊಂಡಿರಿ ಎಂದು, ಎಲ್ಲಿ ತಯಾರಾಯಿತು ಎಂದಲ್ಲ. ಆ ₹5 ಲಕ್ಷವನ್ನೂ ಹೊರಗಿನದಕ್ಕೆ ಸೇರಿಸಿದರೆ ₹13.2 ಲಕ್ಷ, ಶೇ 66. ಒಂದೇ ಒಂದು ಪಾಯಿಂಟ್‌ನಲ್ಲಿ ಬೆಂಗಳೂರಿನ ಯಂತ್ರ ಭಾರತದ್ದಲ್ಲ ಎಂದಾಯಿತು.

ಬೆಡ್ ಬಂದದ್ದು ಬೆಳಗಾವಿಯ ಫೌಂಡ್ರಿಯಿಂದ ಇರಬಹುದು. ಆ ಫೌಂಡ್ರಿ ತನ್ನ ಲೆಟರ್‌ಹೆಡ್‌ನಲ್ಲಿ, ಈ ಎರಕ ಇಂಥ ಡ್ರಾಯಿಂಗ್ ಸಂಖ್ಯೆಯದು, ಇಂಥ ಕೋಡ್‌ನದು, ಇಂಥ ಕಚ್ಚಾವಸ್ತುವಿನಿಂದ ನಮ್ಮಲ್ಲೇ ತಯಾರಾಯಿತು ಎಂದು ಬರೆದು ಸಹಿ ಹಾಕಿದ ಪೂರೈಕೆದಾರರ ಘೋಷಣೆ ಕೊಟ್ಟಿದ್ದರೆ ಆ ಮೊತ್ತ ನಮ್ಮ ಪಾಲಿಗೆ ಬರುತ್ತಿತ್ತು. ಖರೀದಿ ವಿಭಾಗದವರು ಪಿಒ (ಖರೀದಿ ಆದೇಶ) ಕೊಡುವಾಗಲೇ ಈ ಘೋಷಣೆಯನ್ನು ಷರತ್ತಾಗಿ ಹಾಕಬೇಕು. ಮಾಲು ಹಡಗು ಹತ್ತುವ ದಿನ ಕೇಳಿದರೆ ಯಾರೂ ಕೊಡುವುದಿಲ್ಲ. ಇನ್ನೊಂದು ಮರೆತ ಲಾಭವಿದೆ: ಬೇರಿಂಗ್ ಥಾಯ್ಲೆಂಡಿನದಾಗಿದ್ದು, ಅದು ಆಸಿಯಾನ್ ಪ್ರಮಾಣಪತ್ರದೊಂದಿಗೆ ಬಂದಿದ್ದು, ಯಂತ್ರ ಮಲೇಷ್ಯಾಕ್ಕೆ ಹೋಗುವುದಾದರೆ ಸಂಚಯನ ನಿಯಮದಡಿ ಆ ಬೇರಿಂಗನ್ನೂ ನಮ್ಮದೆಂದು ಲೆಕ್ಕ ಹಾಕಬಹುದು. ಅದಕ್ಕೆ ಬೇರಿಂಗ್ ಜತೆ ಬಂದ ಪ್ರಮಾಣಪತ್ರದ ಪ್ರತಿ ಫೈಲಿನಲ್ಲಿರಬೇಕು. ಸಾಮಾನ್ಯವಾಗಿ ಅದು ಕಸ್ಟಮ್ಸ್ ಏಜೆಂಟರ ಕಪಾಟಿನಲ್ಲಿರುತ್ತದೆ.

ಪ್ರಮಾಣಪತ್ರಗಳಲ್ಲೂ ಗೊಂದಲವಿದೆ. ವಾಣಿಜ್ಯೋದ್ಯಮ ಸಂಘಗಳು ಕೊಡುವ ಸಾಮಾನ್ಯ ಮೂಲ ಪ್ರಮಾಣಪತ್ರ ಸರಕು ಭಾರತದ್ದು ಎನ್ನುತ್ತದೆ ಅಷ್ಟೇ. ಅದರಿಂದ ಸುಂಕ ಒಂದು ಪೈಸೆಯೂ ಇಳಿಯದು. ಕಾಫಿ ಮಂಡಳಿಯ ಮೂಲಕ ಸಿಗುವ ಅಂತರರಾಷ್ಟ್ರೀಯ ಕಾಫಿ ಸಂಘಟನೆಯ ಪ್ರಮಾಣಪತ್ರ ಕಾಫಿಯ ಅಂಕಿಅಂಶಕ್ಕಾಗಿ ಇರುವಂಥದ್ದು, ಅದೂ ರಿಯಾಯಿತಿ ತರುವುದಿಲ್ಲ. ರಿಯಾಯಿತಿಗೆ ಬೇಕಾದದ್ದು ಆಯಾ ಒಪ್ಪಂದದ್ದೇ ನಮೂನೆ, ಆಸಿಯಾನ್‌ಗೆ ‘ಎಐ’ ನಮೂನೆ ಇದ್ದಂತೆ. ಅದಕ್ಕೆ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಪೋರ್ಟಲ್‌ನಲ್ಲಿ ಐಇಸಿ (ಆಮದು–ರಫ್ತುದಾರರ ನೋಂದಣಿ ಸಂಖ್ಯೆ) ಮತ್ತು ಡಿಜಿಟಲ್ ಸಹಿಯೊಂದಿಗೆ ಅರ್ಜಿ ಹಾಕಿ, ಇನ್‌ವಾಯ್ಸ್, ವೆಚ್ಚಪಟ್ಟಿ, ಸಾಗಣೆ ದಾಖಲೆ ಲಗತ್ತಿಸಬೇಕು.

ಕಾಗದ ಸರಿಯಿದ್ದೂ ಬಂದರಿನಲ್ಲಿ ತಿರಸ್ಕಾರವಾಗುವುದು ಸಣ್ಣ ಕಾರಣಗಳಿಗೆ. ಒಪ್ಪಂದ ಬರೆದಾಗ ಇದ್ದ ಎಚ್‌ಎಸ್ ಆವೃತ್ತಿ ಒಂದು, ಇಂದಿನ ಸುಂಕ ಪಟ್ಟಿ 2022ರ ಆವೃತ್ತಿ, ಕೋಡ್ ಹೊಂದುವುದಿಲ್ಲ. 2028ರ ಜನವರಿ 1ರಿಂದ ಇನ್ನೊಂದು ಆವೃತ್ತಿ ಬರಲಿದೆ, ಈ ತಲೆನೋವು ಮರುಕಳಿಸುತ್ತದೆ. ಆಸಿಯಾನ್ ಪ್ರಮಾಣಪತ್ರ ರಫ್ತಿನ ವೇಳೆಗೆ ಅಥವಾ ಮೂರು ಕೆಲಸದ ದಿನಗಳೊಳಗೆ ಆಗಬೇಕು. ತಡವಾದರೆ ‘ಪೂರ್ವಾನ್ವಯವಾಗಿ ಕೊಟ್ಟದ್ದು’ ಎಂಬ ಮುದ್ರೆ ಇರಲೇಬೇಕು. ಮಾಲು ಮಲೇಷ್ಯಾದಿಂದ ಬಂದು ಬಿಲ್ ಸಿಂಗಪುರದ ಮಧ್ಯವರ್ತಿಯದಾಗಿದ್ದರೆ ಮೂರನೇ ಪಕ್ಷದ ಇನ್‌ವಾಯ್ಸ್ ಎಂಬ ಚೌಕಕ್ಕೆ ಗುರುತು ಹಾಕಬೇಕು. ದಾರಿಯಲ್ಲಿ ಕಂಟೇನರ್ ಬದಲಾದರೆ, ಹೊರಟ ಬಂದರಿನಿಂದ ಕೊನೆಯ ಬಂದರಿನವರೆಗಿನ ಒಂದೇ ಬಿಲ್ ಆಫ್ ಲೇಡಿಂಗ್ (ಹಡಗು ಸಾಗಣೆ ಪತ್ರ) ಬೇಕು. ಮಾಲು ನಡುವಿನ ದೇಶದ ಮಾರುಕಟ್ಟೆಗೆ ಇಳಿಯಲಿಲ್ಲ ಎಂಬುದಕ್ಕೆ ಅದೇ ಸಾಕ್ಷಿ. ಕೊಲಂಬೊದಲ್ಲಿ ಹಡಗು ಬದಲಿಸಿದ ಮಾತ್ರಕ್ಕೆ ಮೂಲ ಹೋಗುವುದಿಲ್ಲ, ಹಾಗೆಯೇ ಬರುವುದೂ ಇಲ್ಲ.

ಆಮದಿನ ಕಡೆ ನಮ್ಮ ಕೈಯಲ್ಲಿ ಗಟ್ಟಿ ಅಸ್ತ್ರ ಈಗಾಗಲೇ ಇದೆ. ಕಸ್ಟಮ್ಸ್ ಕಾಯ್ದೆಗೆ 2020ರಲ್ಲಿ ಸೇರಿಸಿದ 28ಡಿಎ ಕಲಂ, ಮತ್ತು ಅದೇ ವರ್ಷ ಸೆಪ್ಟೆಂಬರ್ 21ರಿಂದ ಜಾರಿಯಾದ, ಆಮದುದಾರರು ಕರೋಟಾರ್ ಎಂದು ಕರೆಯುವ ನಿಯಮಗಳು. ಅದುವರೆಗೆ ಹೊರದೇಶದ ಪ್ರಮಾಣಪತ್ರ ತೋರಿಸಿದರೆ ಆಮದುದಾರನ ಕೆಲಸ ಮುಗಿಯುತ್ತಿತ್ತು. ಈಗ ಪ್ರಮಾಣಪತ್ರ ಇದ್ದ ಮಾತ್ರಕ್ಕೆ ಆತ ಹೊಣೆಯಿಂದ ಪಾರಾಗುವುದಿಲ್ಲ. ಮಾಲು ಹೇಗೆ ತಯಾರಾಯಿತು, ಯಾವ ವಸ್ತು ಎಲ್ಲಿಂದ, ಮೌಲ್ಯದ ಲೆಕ್ಕ ಹೇಗೆ ಬಂತು ಎಂಬುದನ್ನು ನಮೂನೆ 1ರಲ್ಲಿ ಆಮದಿಗೆ ಮೊದಲೇ ತುಂಬಿಟ್ಟುಕೊಂಡಿರಬೇಕು, ಐದು ವರ್ಷ ಕಾಪಾಡಬೇಕು, ಅಧಿಕಾರಿ ಕೇಳಿದರೆ ಹತ್ತು ಕೆಲಸದ ದಿನಗಳಲ್ಲಿ ಕೊಡಬೇಕು. ತೃಪ್ತಿಯಾಗದಿದ್ದರೆ ಕಸ್ಟಮ್ಸ್ ಹೊರದೇಶದ ಪ್ರಾಧಿಕಾರಕ್ಕೆ ಬರೆದು ಪರಿಶೀಲನೆ ಕೇಳುತ್ತದೆ. ಅಲ್ಲಿಯವರೆಗೆ ವ್ಯತ್ಯಾಸದ ಸುಂಕಕ್ಕೆ ಭದ್ರತೆ ಕೊಟ್ಟು ಮಾಲು ಬಿಡಿಸಿಕೊಳ್ಳಬಹುದು. 2025ರ ತಿದ್ದುಪಡಿಯಿಂದ ರಫ್ತುದಾರನ ಸ್ವಯಂ ಘೋಷಣೆಯೂ ಮೂಲದ ಪುರಾವೆಯ ವ್ಯಾಖ್ಯೆಯೊಳಗೆ ಬಂದಿದೆ. ಹೊರದೇಶದ ಅಧಿಕಾರಿಯ ಮುದ್ರೆಯೂ ಇಲ್ಲದ ಕಾಗದ ಬರತೊಡಗಿದಾಗ ಆಮದುದಾರನ ಈ ಹೊಣೆ ಇನ್ನೂ ಭಾರವಾಗುತ್ತದೆ.

ಸಣ್ಣ ಆಮದುದಾರರ ದೂರು ನ್ಯಾಯವಾದದ್ದೇ: ಹೊರದೇಶದ ತಯಾರಕ ತನ್ನ ವೆಚ್ಚದ ಗುಟ್ಟನ್ನು ಕೊಳ್ಳುವವನಿಗೆ ಏಕೆ ಕೊಟ್ಟಾನು? ಆದರೆ ನಿಯಮ ಬಿಟ್ಟುಬಿಡಲು ಅದು ಕಾರಣವಾಗಬಾರದು. ವೆಚ್ಚದ ವಿವರವನ್ನು ತಯಾರಕನೇ ನೇರವಾಗಿ ಕಸ್ಟಮ್ಸ್‌ಗೆ ಕಳಿಸಲು ಅವಕಾಶವಿರುವ ಏರ್ಪಾಟನ್ನು ಬಲಪಡಿಸಬೇಕು. ಮೆಣಸು, ಅಡಿಕೆಯಂಥ ಬೆಳೆಗಳಲ್ಲಿ ವೆಚ್ಚದ ಗುಟ್ಟೆಂಬುದೇ ಇಲ್ಲ. ಅಲ್ಲಿ ನಮೂನೆ 1ರ ಜತೆ ತೋಟದ ಖರೀದಿ ಚೀಟಿಗಳ ಪಟ್ಟಿಯನ್ನು ಕಡ್ಡಾಯ ಮಾಡಿದರೆ ಯಾರಿಗೂ ಅನ್ಯಾಯವಾಗದು.

ಆಸಿಯಾನ್ ಸರಕು ಒಪ್ಪಂದ 2010ರ ಜನವರಿ 1ರಿಂದ ಜಾರಿಯಲ್ಲಿದೆ, ಅದನ್ನು ಮರುಪರಿಶೀಲಿಸಲು 2023ರ ಆಗಸ್ಟ್‌ನಲ್ಲಿ ಎರಡೂ ಕಡೆ ಒಪ್ಪಿದವು. ನಮ್ಮ ಸಂಸದರೂ ಬೆಳೆಗಾರರ ಸಂಘಗಳೂ ಅಲ್ಲಿ ಕೇಳಬೇಕಾದದ್ದು ಸುಂಕದ ಅಂಕಿ ಮಾತ್ರವಲ್ಲ. ಕೋಡ್ ಬದಲಾವಣೆ ಮತ್ತು ಶೇ 35 ಮೌಲ್ಯ, ಈ ಎರಡೂ ಪರೀಕ್ಷೆ ಉಳಿಯುತ್ತವೆಯೋ, ಯಾವುದಾದರೂ ಒಂದು ಸಾಕೆಂದಾಗುತ್ತದೆಯೋ? ಒಂದೇ ಸಾಕೆಂದರೆ, ಬ್ರೆಜಿಲ್‌ನ ಮೆಣಸನ್ನು ಆಸಿಯಾನ್ ದೇಶವೊಂದರಲ್ಲಿ ಪುಡಿ ಮಾಡಿದ ಮಾತ್ರಕ್ಕೆ 0904.11 ಹೋಗಿ 0904.12 ಆಗುತ್ತದೆ, ರಿಯಾಯಿತಿ ಸಿಕ್ಕಿಬಿಡುತ್ತದೆ. ಸರಕುವಾರು ನಿಯಮ ಬರೆಯುವುದಾದರೆ 8 ಮತ್ತು 9ನೇ ಅಧ್ಯಾಯಗಳಿಗೆ, ಅಂದರೆ ಅಡಿಕೆ, ಗೇರು, ಕಾಫಿ, ಮೆಣಸು, ಏಲಕ್ಕಿಗೆ, ಏನು ಬರೆಯುತ್ತಿದ್ದಾರೆ? ಗೇರಿಗೆ ಮಾತ್ರ ಆರು ಅಂಕಿಯ ಬದಲಾವಣೆ, ಉಳಿದವಕ್ಕೆ ಬೆಳೆದ ದೇಶವೇ ಮೂಲ ಎಂದು ಪ್ರತ್ಯೇಕಿಸಿದರೆ ಮಂಗಳೂರಿಗೂ ಮಡಿಕೇರಿಗೂ ಒಟ್ಟಿಗೆ ಹೊಂದುತ್ತದೆ. ಒಂದೇ ಎಚ್ಚರ: ಗೇರಿನ ಸಡಿಲಿಕೆ ವಿಯೆಟ್ನಾಂನ ಕಾರ್ಖಾನೆಗಳಿಗೂ ಸಿಗುತ್ತದೆ, ಅವೂ ಆಫ್ರಿಕಾದ ಬೀಜವನ್ನೇ ಒಡೆಯುವುದು. ಹಾಗಾಗಿ ಅದನ್ನು ಬರೆಯುವ ಮೊದಲು ತಿರುಳಿನ ಆಮದಿಗೆ ಈಗಿರುವ ಕನಿಷ್ಠ ಬೆಲೆ, ಇಡೀ ತಿರುಳಿಗೆ ಕಿಲೋಗೆ ₹720 ಮತ್ತು ತುಂಡಿಗೆ ₹680, ಮುಂದುವರಿಯುತ್ತದೆಯೇ ಎಂದು ಕೇಳಿ ಬರೆಸಿಕೊಳ್ಳಬೇಕು.

ಇಂತಿ,
ಆಮದು–ರಫ್ತು ದಾಖಲೆ ಸಲಹೆಗಾರ
ಮಂಗಳೂರು